ಮನೆಮಂದಿಯೆಲ್ಲ ಸೇರಿ ಕ್ರೂಸ್ ಹೊರಟವರು ಇಲ್ಲಿ ಕೇಳಿ

ಟ್ರಾವೆಲ್ಸ್ ಮೇಡಂ: ಎಲ್ಲರಿಗೂ ನಮಸ್ಕಾರ. 12 ವರ್ಷದಿಂದ ಬೆಂಗಳೂರಿನಿಂದ ಗುಂಪುಗಳಿಗೆ ಕ್ರೂಸ್ ಬುಕ್ ಮಾಡಿಕೊಡುತ್ತಿದ್ದೇನೆ. ಇವತ್ತು ಸಂಜೆವರೆಗೂ ಇಲ್ಲೇ ಇರುತ್ತೇನೆ. ಕೇಳುವಾಗ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು, ಯಾರಿಗೆ ಏನು ಕಾಯಿಲೆ ಅಂತ ಮೊದಲು ಹೇಳಿ. ಅದು ಗೊತ್ತಾಗದೆ ದರ ಹೇಳಿ ಉಪಯೋಗವಿಲ್ಲ.

ದಾವಣಗೆರೆಯವರು: ಮೇಡಂ, ಸಿಂಗಾಪುರದಿಂದ 4 ರಾತ್ರಿ, 9 ಜನ. ತಲೆಗೆ ಎಷ್ಟಾಗುತ್ತೆ?

ಟ್ರಾವೆಲ್ಸ್ ಮೇಡಂ: ವಯಸ್ಸು, ತಿಂಗಳು ಎರಡನ್ನೂ ಹೇಳಿಲ್ಲ ಸರ್. ದರ ದಿನಾ ಬದಲಾಗುತ್ತೆ. ಟಿಕೆಟ್ ದರದ ಮೇಲೆ ಬಂದರು ತೆರಿಗೆ ಬರುತ್ತೆ, ಸಿಬ್ಬಂದಿ ಟಿಪ್ಸ್ ಅಂತ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಬರುತ್ತೆ. ಯಾರಾದರೂ ತುಂಬಾ ಕಡಿಮೆ ಹೇಳಿದರೆ ಇವೆರಡೂ ಸೇರಿವೆಯಾ ಅಂತ ಕೇಳಿ.

ಬಸವನಗುಡಿ ಸೊಸೆ: ಅತ್ತೆ ಮಾವನ ಮದುವೆಯಾಗಿ 50 ವರ್ಷ ಆಯಿತು ಅಂತ ನಾವು 14 ಜನ ಸಿಂಗಾಪುರ ಕ್ರೂಸ್ ಹೊರಟಿದ್ದೇವೆ. ಇನ್ನು 5 ವಾರ ಇದೆ, ದುಡ್ಡು ಕಟ್ಟಿಯಾಗಿದೆ. ಮಾವನಿಗೆ 76, ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಓರಗಿತ್ತಿಗೆ ಈಗ 20 ವಾರ. ನಾದಿನಿ ಮಗುವಿಗೆ ಈ ವಾರ 5 ತಿಂಗಳು ತುಂಬಿತು. ಬಟ್ಟೆಬರೆ ಏನೇನು ತಗೊಳ್ಳಬೇಕು ಅಂತ ಹೇಳಿ ಮೇಡಂ.

ಟ್ರಾವೆಲ್ಸ್ ಮೇಡಂ: ಬಟ್ಟೆ ವಿಷಯ ಆಮೇಲೆ ನೋಡೋಣಮ್ಮ. ಮೊದಲು ಇದನ್ನು ಪೂರ್ತಿ ಓದಿ.

ನಿಮ್ಮ ಓರಗಿತ್ತಿಯನ್ನು ಹಡಗು ಹತ್ತಿಸುವುದಿಲ್ಲ. ರಾಯಲ್ ಕೆರಿಬಿಯನ್ ಸೇರಿ ದೊಡ್ಡ ಕಂಪನಿಗಳಲ್ಲೆಲ್ಲ ಪ್ರಯಾಣದ ಯಾವುದೇ ದಿನ 24ನೇ ವಾರಕ್ಕೆ ಕಾಲಿಡುವ ಗರ್ಭಿಣಿಯರಿಗೆ ಅವಕಾಶವಿಲ್ಲ. ಹತ್ತುವ ದಿನ ಎಷ್ಟು ವಾರ ಅನ್ನುವುದಲ್ಲ, ಇಳಿಯುವ ದಿನ ಎಷ್ಟು ಅಂತ ಲೆಕ್ಕ. 20ಕ್ಕೆ 5 ಸೇರಿಸಿ, 25 ಆಯಿತಲ್ವಾ? ಇಷ್ಟು ಹೊತ್ತಿಗೆ ಇದನ್ನು ನಿಮ್ಮ ಏಜೆಂಟ್ ಹೇಳಬೇಕಿತ್ತು.

ಮಗುವಿಗೆ ಹತ್ತುವ ದಿನ 6 ತಿಂಗಳು ತುಂಬಿರಬೇಕು. ನಿಮ್ಮ ಲೆಕ್ಕದಲ್ಲಿ ನಾಲ್ಕೈದು ದಿನ ಮಾತ್ರ ಮಿಗುತ್ತೆ, ಪಾಸ್‌ಪೋರ್ಟ್‌ನಲ್ಲಿರುವ ಹುಟ್ಟಿದ ತಾರೀಖು ಇಟ್ಟುಕೊಂಡು ಇನ್ನೊಮ್ಮೆ ಎಣಿಸಿ. ಸತತ 3 ದಿನ ಅಥವಾ ಜಾಸ್ತಿ ಸಮುದ್ರದಲ್ಲೇ ಇರುವ ಪ್ರಯಾಣಗಳಿಗೆ 12 ತಿಂಗಳು ಕೇಳುತ್ತಾರೆ. ನಿಮ್ಮ ಹಡಗು ಯಾವ ದಿನ ಎಲ್ಲಿ ನಿಲ್ಲುತ್ತೆ ಅಂತ ಅದಕ್ಕೇ ನೋಡಿ.

ಇನ್ನು ಮಾವ. ಹೃದ್ರೋಗ ತಜ್ಞರಿಂದ ಪ್ರಯಾಣ ಮಾಡಬಹುದು ಅಂತ ಚೀಟಿ ಬರೆಸಿಕೊಳ್ಳಿ. ಇನ್ಶೂರೆನ್ಸ್ ಮಾಡಿಸುವಾಗ ಸ್ಟೆಂಟ್ ವಿಷಯ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಕ್ಲೇಮ್ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ, ಕ್ರೂಸ್‌ಗೆ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚಿಗೆ ಪಾಲಿಸಿ ಹಣ ಕೊಡುತ್ತದಾ ಅಂತ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಹಡಗಿನಲ್ಲಿ ಡಾಕ್ಟರ್, ನರ್ಸ್, ಸಣ್ಣ ಕ್ಲಿನಿಕ್ ಇರುತ್ತೆ ಅಷ್ಟೇ. ಆಂಜಿಯೋಪ್ಲಾಸ್ಟಿ ಅಲ್ಲಿ ಆಗುವುದಿಲ್ಲ. ಬಿಲ್ಲು ನಿಮ್ಮ ರೂಮಿನ ಖಾತೆಗೆ ಡಾಲರ್‌ನಲ್ಲಿ ಬೀಳುತ್ತೆ, ಮೊದಲು ನೀವು ಕಟ್ಟಿ ಆಮೇಲೆ ವಾಪಸ್ ಕೇಳಬೇಕು. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಯಾಕೆಂದರೆ ಬಂದರಿನಲ್ಲಿ ಕೊಟ್ಟ ದೊಡ್ಡ ಚೀಲ ರೂಮಿಗೆ ಬರುವಷ್ಟರಲ್ಲಿ ರಾತ್ರಿಯೂ ಆಗಬಹುದು.

ಸಿಂಗಾಪುರ ಬಿಟ್ಟು ಮತ್ತೆ ಅಲ್ಲಿಗೇ ಬರುತ್ತೀರಿ, ಆದ್ದರಿಂದ ಎಲ್ಲ 14 ಜನರ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದಾ ಅಂತಲೂ ನೋಡಿ.

ಬಸವನಗುಡಿ ಸೊಸೆ: ಅಯ್ಯೋ ದೇವರೇ. ಓರಗಿತ್ತಿಗೆ ಹೊಟ್ಟೆ ಅಷ್ಟಾಗಿ ಕಾಣಿಸುವುದಿಲ್ಲ, ಏನೂ ಹೇಳದೆ ಹೋದರಾಯಿತು ಅಂತಿದ್ದಾರೆ ಅತ್ತೆ.

ಟ್ರಾವೆಲ್ಸ್ ಮೇಡಂ: ದಯವಿಟ್ಟು ಬೇಡ. ಹತ್ತುವ ಮುಂಚೆ ಆರೋಗ್ಯದ ಫಾರಂ ತುಂಬಿಸುತ್ತಾರೆ, ಎಷ್ಟು ವಾರ ಅಂತ ಡಾಕ್ಟರ್ ಬರೆದ ಪತ್ರ ಕೇಳುತ್ತಾರೆ. ಕೆಲವು ವರ್ಷದ ಹಿಂದೆ ಹೀಗೇ ಹೇಳದೆ ಹೋದ ಒಂದು ಕುಟುಂಬವನ್ನು ಬಂದರಿನ ಕೌಂಟರಿನಲ್ಲೇ ತಡೆದರು. ಆ ಹುಡುಗಿ, ಗಂಡ, ಅವಳ ಅಮ್ಮ ಮೂರು ಜನ ಹೋಟೆಲ್ ಹುಡುಕಿಕೊಂಡು ಹೋದರು, ಉಳಿದವರು ಅಳುತ್ತಾ ಹಡಗು ಹತ್ತಿದರು. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಆವತ್ತು ಅವಳು ನನಗೆ ಮಾಡಿದ ಫೋನ್ ಇನ್ನೂ ಕಿವಿಯಲ್ಲಿದೆ. ದುಡ್ಡಿನ ಮಾತು ಬಿಡಿ. ಆ ಹೊತ್ತಿನಲ್ಲಿ ನೋವು ಶುರುವಾಗಿ ಮಗು ಬೇಗ ಹುಟ್ಟಿದರೆ ಅದನ್ನು ಉಳಿಸುವ ಸಲಕರಣೆ ಹಡಗಿನಲ್ಲಿ ಇರುವುದಿಲ್ಲ. ಅದಕ್ಕೇ ಈ ನಿಯಮ.

ಹಾಸನ ಆಂಟಿ: ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. ಹಡಗಿನಲ್ಲಿ ವಾಂತಿ ಬಾರದಿರಲು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಪೇಪರ್ ಮೇಲೆ ಕುಳಿತು, ವಾಂತಿ ಮಾತ್ರೆ ಒಟ್ಟಿಗೆ ಎರಡು ನುಂಗಬೇಕಂತೆ. ಹಡಗಲ್ಲಿ ಅನ್ನ ಸಿಗುವುದಿಲ್ಲ, ಚಿಕ್ಕ ಕುಕ್ಕರ್ ಒಯ್ಯಿರಿ ಅಂತಲೂ ಇದೆ.

ಟ್ರಾವೆಲ್ಸ್ ಮೇಡಂ: ಮಾತ್ರೆ ಎರಡೆರಡು ನುಂಗುವುದು ಅಪಾಯ, ಅದನ್ನು ಅಳಿಸಿ. ಅದರಿಂದ ನಿದ್ದೆ ಮಂಪರು ಬರುತ್ತೆ, ವಯಸ್ಸಾದವರು ಬಿ.ಪಿ. ಮಾತ್ರೆ ಜೊತೆ ತಗೊಂಡು ಬಾತ್‌ರೂಮಿನಲ್ಲಿ ಬಿದ್ದರೆ ಏನು ಗತಿ? ನಿಮ್ಮ ಡಾಕ್ಟರನ್ನೇ ಕೇಳಿ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ರೂಮ್ ತಗೊಳ್ಳಿ, ಓಲಾಟ ಅಲ್ಲಿ ಕಡಿಮೆ. ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಒಳಗೆ ಬಿಡುವುದಿಲ್ಲ, ಹಡಗಿನಲ್ಲಿ ಬೆಂಕಿ ಅಂದರೆ ಓಡಿಹೋಗಲು ಜಾಗವಿಲ್ಲ. ಅನ್ನ ಸಿಗುತ್ತೆ. ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕಾದರೆ ಬುಕ್ ಮಾಡುವಾಗಲೇ ಬರೆಸಿ. ಚಟ್ನಿಪುಡಿ ಒಯ್ಯಿರಿ, ಗಸಗಸೆ ಮಾತ್ರ ಬೇಡ. ಸಿಂಗಾಪುರ, ದುಬೈ ಎರಡೂ ಕಡೆ ಅದು ನಿಷೇಧ. ಸಿಂಗಾಪುರಕ್ಕೆ ಹೊಗೆಸೊಪ್ಪೂ ಬೇಡ, ಅಜ್ಜಿಯರ ಎಲೆಅಡಿಕೆ ಚೀಲ ಒಂದು ಸಲ ನೋಡಿ.

ಪಂಚೆ ಪ್ರೇಮಿ: ರಾತ್ರಿ ಊಟದ ಹಾಲ್‌ಗೆ ಪಂಚೆ ಶಲ್ಯದಲ್ಲಿ ಬಿಡುತ್ತಾರಾ?

ತುಮಕೂರು ಅಣ್ಣ: 4 ರಾತ್ರಿಗೆ ತಲೆಗೆ ಎಷ್ಟು?

ಟ್ರಾವೆಲ್ಸ್ ಮೇಡಂ: ಮೇಲೆ ಹೇಳಿದ್ದೇನೆ.

ಹೂಸ್ಟನ್ ಕನ್ನಡಿಗ: ಅಪ್ಪ ಅಮ್ಮ ಅಮೆರಿಕದ ಬಿ2 (ಪ್ರವಾಸಿ) ವೀಸಾದಲ್ಲಿ ಬಂದಿದ್ದಾರೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಅಲಾಸ್ಕಾ ಕ್ರೂಸ್ ನೋಡಿದ್ದೇನೆ. ಅಲಾಸ್ಕಾ ಅಮೆರಿಕವೇ ತಾನೆ, ಬೇರೆ ವೀಸಾ ಯಾಕೆ ಬೇಕು?

ಟ್ರಾವೆಲ್ಸ್ ಮೇಡಂ: ಬೇಕು, ಕೆನಡಾದ್ದು. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಅದರ ಪ್ರಕಾರ ಬೇರೆ ದೇಶದ ಬಾವುಟದ ಹಡಗು ನಡುವೆ ಎಲ್ಲೂ ಹೊರದೇಶದಲ್ಲಿ ನಿಲ್ಲದೆ ಅಮೆರಿಕದ ಬಂದರುಗಳ ಮಧ್ಯೆ ಜನರನ್ನು ಸಾಗಿಸುವ ಹಾಗಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚಾಗಿ ಬಹಾಮಾಸ್, ಪನಾಮಾ ಬಾವುಟದವು. ಅದಕ್ಕೇ ಕೆಲವು ಗಂಟೆ ಮಟ್ಟಿಗೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ಅಪ್ಪ ಅಮ್ಮ ಕೆಳಗೆ ಇಳಿಯದೆ ಕೂತರೂ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದರೆ ನಿಮಗೆ ಬೇಡ. ಅರ್ಜಿ ಅಲ್ಲಿಂದಲೇ ಹಾಕಬಹುದು, ಬೆರಳಚ್ಚೂ ಅಲ್ಲೇ ಕೊಡಬಹುದು. ವೀಸಾ ಕೈಗೆ ಬರುವವರೆಗೂ ವಾಪಸ್ ಬರದ ದುಡ್ಡು ಕಟ್ಟಬೇಡಿ.

ವಿಜಯನಗರ ಬಡಾವಣೆ: ಗುಂಪಲ್ಲಿ ಹೋದರೆ ಒಬ್ಬರ ಟಿಕೆಟ್ ಫ್ರೀ ಅಂತಾರೆ, ನಿಜವಾ?

ಟ್ರಾವೆಲ್ಸ್ ಮೇಡಂ: ಸಾಮಾನ್ಯವಾಗಿ 8 ರೂಮ್, 16 ಜನ ಆದರೆ ಒಬ್ಬರ ದರ ಬಿಡುತ್ತಾರೆ. ತೆರಿಗೆ ಕಟ್ಟಲೇಬೇಕು.

ವಿಜಯನಗರ ಬಡಾವಣೆ: ನೋಡಿ! ಹೋದ ವರ್ಷ ನಾವು 18 ಜನ ಹೋಗಿದ್ವಿ, ಈ ವಿಷಯ ನಮಗ್ಯಾರಿಗೂ ಹೇಳಲೇ ಇಲ್ಲ. ಸಂಘಟಕರು ಇದೇ ಗುಂಪಿನಲ್ಲಿದ್ದಾರೆ.

ಸಂಘದ ಖಜಾಂಚಿ: ನನ್ನ ಬಗ್ಗೆ ಅಂತ ಗೊತ್ತಾಯಿತು. ಮೂರು ತಿಂಗಳು 18 ಪಾಸ್‌ಪೋರ್ಟ್ ಹಿಡಿದು ಓಡಾಡಿದ್ದು ನಾನು. ನೀವು ದುಡ್ಡು ಕೊಟ್ಟಿದ್ದೇ ಕೊನೆಯ ದಿನ.

ವಿಜಯನಗರ ಬಡಾವಣೆ: ಓಡಾಡಿದ್ದಕ್ಕೆ ಇಷ್ಟು ಅಂತ ಮೊದಲೇ ಕೇಳಿದ್ದರೆ ನಾವೇ ಕೊಡುತ್ತಿದ್ವಿ. ಮುಚ್ಚಿಟ್ಟಿದ್ದು ತಪ್ಪು.

ದಾವಣಗೆರೆಯವರು: ಖಜಾಂಚಿ ಹೇಳೋದೂ ಸರಿ ಇದೆ ಬಿಡಿ, ಪುಕ್ಕಟೆ ಯಾರು ಮಾಡ್ತಾರೆ?

ಹಾಸನ ಆಂಟಿ: 18 ಜನರಿಗೂ ಹಂಚಬೇಕಿತ್ತು. ನಮ್ಮ ಮನೇಲೂ ಇದಕ್ಕೇ ಜಗಳ ಆಗಿ ಅಣ್ಣತಮ್ಮ ಮಾತು ಬಿಟ್ಟಿದ್ದಾರೆ.

ಸಂಘದ ಖಜಾಂಚಿ: ಲೆಕ್ಕದ ಪುಸ್ತಕ ತಗೊಂಡು ಬರುತ್ತೇನೆ, ಭಾನುವಾರ ಪಾರ್ಕಿಗೆ ಬನ್ನಿ.

ಟ್ರಾವೆಲ್ಸ್ ಮೇಡಂ: ಇದನ್ನು ನಿಮ್ಮ ಸಂಘದಲ್ಲೇ ಮುಗಿಸಿಕೊಳ್ಳಿ. ಉಳಿದವರಿಗೆ ಒಂದು ಮಾತು: ಆ ರಿಯಾಯಿತಿ ಯಾರಿಗೆ ಅಂತ ಮುಂಗಡ ಕಟ್ಟುವ ಮುಂಚೆಯೇ ಬರೆದಿಡಿ. ಬಿಲ್ಲು ಕೂಡ ಒಂದೊಂದು ಸಂಸಾರಕ್ಕೆ ಅವರವರ ಪ್ಯಾನ್ ಮೇಲೆ ಮಾಡಿಸಿ. ವಿದೇಶ ಪ್ರವಾಸದ ಪ್ಯಾಕೇಜ್‌ಗೆ ಟಿಸಿಎಸ್ ಅಂತ ಆದಾಯ ತೆರಿಗೆ ಮೊದಲೇ ಹಿಡಿಯುತ್ತಾರೆ. ರಿಟರ್ನ್ಸ್ ಹಾಕುವಾಗ ಅದು ಸಿಗುವುದು ಪ್ಯಾನ್ ಯಾರದೋ ಅವರಿಗೆ ಮಾತ್ರ.

ಕುಂದಾಪುರದವಳು: ಮಂಗಳೂರಿನಿಂದಲೇ ಹತ್ತಲು ಆಗುತ್ತದಾ?

ಪಣಂಬೂರಿನವ: ಸೀಸನ್ನಿನಲ್ಲಿ ನವಮಂಗಳೂರು ಬಂದರಿಗೆ ವಿದೇಶಿಯರ ಹಡಗು ಬರುತ್ತವೆ. ಅವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹೊರಡುತ್ತಾರೆ. ನಾವು ಹತ್ತಬೇಕಾದರೆ ಮುಂಬೈಗೆ ಹೋಗುವುದೇ ಸುಲಭ.

ಯಲಹಂಕ ಟೆಕ್ಕಿ: ಹಡಗು ಸಂಜೆ 4ಕ್ಕೆ. ಅದೇ ದಿನ ಬೆಳಿಗ್ಗೆ 11ಕ್ಕೆ ಸಿಂಗಾಪುರದಲ್ಲಿ ಇಳಿದರೆ ಸಾಕಲ್ವಾ? ಹೋಟೆಲ್ ಖರ್ಚು ಉಳಿಯುತ್ತೆ.

ಟ್ರಾವೆಲ್ಸ್ ಮೇಡಂ: ಸಾಲದು. ಚೆಕ್-ಇನ್ ಮುಂಚೆಯೇ ಮುಚ್ಚುತ್ತೆ. ವಿಮಾನ ಎರಡು ಗಂಟೆ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ. ಅಲ್ಲಿ ಎರಡು ಹಡಗು ನಿಲ್ದಾಣ ಇದೆ, ನಿಮ್ಮದು ಯಾವುದು ಅಂತ ಟಿಕೆಟ್‌ನಲ್ಲಿ ನೋಡಿ. ಸಿಂಗಾಪುರದ ಆಗಮನ ಕಾರ್ಡ್ ಉಚಿತ, ಹಣ ಕೇಳುವ ತಾಣ ಸರ್ಕಾರದ್ದಲ್ಲ.

ತುಮಕೂರು ಅಣ್ಣ: ಬಾಲ್ಕನಿ ರೂಮಿಗೆ ತಲೆಗೆ ಎಷ್ಟು ಅಂತಾದರೂ ಹೇಳಿ ಮೇಡಂ. ಒಂದು ಅಂದಾಜು ಹೇಳೋಕೆ ಇಷ್ಟು ಹಟ ಯಾಕೆ?

ಟ್ರಾವೆಲ್ಸ್ ಮೇಡಂ: ಹಟ ಅಲ್ಲ ಸರ್. ಎಷ್ಟು ಜನ, ಯಾವ ತಿಂಗಳು ಅಂತ ನೀವು ಇನ್ನೂ ಹೇಳಿಲ್ಲ. ಅಂದಾಜು ಹೇಳಿದರೆ ನಾಳೆ ಅದನ್ನೇ ಹಿಡಿದು ಬಯ್ಯುತ್ತೀರಿ.

ಬಸವನಗುಡಿ ಸೊಸೆ: ಮೇಡಂ, ಸ್ಕ್ಯಾನ್ ರಿಪೋರ್ಟ್ ತೆಗೆಸಿ ನೋಡಿದೆವು. ಇವತ್ತಿಗೆ 20 ವಾರ 3 ದಿನ. ಅತ್ತೆ ಅಳುತ್ತಿದ್ದಾರೆ, ಓರಗಿತ್ತಿಯನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ಏಜೆಂಟ್ ಫೋನ್‌ನಲ್ಲಿ "ನೋಡೋಣ" ಅಂದರು.

ಟ್ರಾವೆಲ್ಸ್ ಮೇಡಂ: "ನೋಡೋಣ" ಅಂದಿದ್ದನ್ನು ನಂಬಿ ಕೂರಬೇಡಿ. ದಿನ ಹತ್ತಿರ ಬಂದಷ್ಟೂ ರದ್ದು ಶುಲ್ಕ ಏರುತ್ತೆ. ಇವತ್ತು ರಾತ್ರಿಯೇ ಇಮೇಲ್ ಹಾಕಿ: 14 ಜನರ ಪ್ರಯಾಣವನ್ನು ಮುಂದಿನ ವರ್ಷಕ್ಕೆ ಹಾಕಲು ಆಗುತ್ತದಾ, ಆಗದಿದ್ದರೆ ಇವತ್ತಿನ ತಾರೀಖಿಗೆ ಎಷ್ಟು ವಾಪಸ್ ಬರುತ್ತೆ. ಗರ್ಭಿಣಿ ಅಂತ ಡಾಕ್ಟರ್ ಪತ್ರ ಜೊತೆಗಿಡಿ. ಹೆರಿಗೆಯಾಗಿ ಆ ಮಗುವಿಗೂ 6 ತಿಂಗಳು ತುಂಬಲು ಸುಮಾರು ಹತ್ತೂವರೆ ತಿಂಗಳು ಬೇಕು, ಅದಾದ ಮೇಲಿನ ದಿನ ನೋಡಿ. ಅತ್ತೆಗೆ ಹೇಳಿ, ಆಗ 15 ಜನ ಹೋಗಬಹುದು. ಏಜೆಂಟ್ ಕೊಟ್ಟ ಉತ್ತರವನ್ನು ನನಗೆ ಕಳಿಸಿ, ಎಷ್ಟು ಹೊತ್ತಾದರೂ ಓದುತ್ತೇನೆ.