ಕ್ಲಚ್ ಪೆಡಲ್ ಒತ್ತಿದರೆ ಬೇಗ ಮೇಲೆ ಬರುತ್ತಿಲ್ಲ (1992ರ ಮಾಜ್ದಾ ಎಂಎಕ್ಸ್-5)

ಕಪ್ಪೆಕಾರು, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಗಾಡಿ 1992ರ ಎಂಎಕ್ಸ್-5, 1.6 ಲೀಟರ್ ಎಂಜಿನ್. ಮಾವ ಹೊರದೇಶದಿಂದ ತಂದಿದ್ದು, ಈಗ ನನ್ನ ಕೈಲಿದೆ. ಹೆಡ್‌ಲೈಟ್ ಎದ್ದು ನಿಲ್ಲುತ್ತದಲ್ವಾ, ಅದಕ್ಕೆ ಊರ ಮಕ್ಕಳು ಕಪ್ಪೆ ಕಾರು ಅಂತ ಹೆಸರಿಟ್ಟಿದ್ದಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ನಿಂತಿತ್ತು. ಮಳೆ ಬಿಟ್ಟ ಮೇಲೆ ತೆಗೆದೆ. ಸೀಟಿಗೆ ಬೂಷ್ಟು ಹಿಡಿದಿತ್ತು, ಅದು ಪ್ರತಿ ವರ್ಷದ ಕತೆ. ಈ ಸಲ ಹೊಸದು ಅಂದ್ರೆ ಕ್ಲಚ್. ಕಾಲು ತೆಗೆದರೂ ಪೆಡಲ್ ತಟ್ಟನೆ ಏಳುವುದಿಲ್ಲ. ಜೋನಿಬೆಲ್ಲದಲ್ಲಿ ಸಿಕ್ಕಿಕೊಂಡ ಹಾಗೆ ನಿಧಾನ ಬರುತ್ತದೆ. ಒಮ್ಮೊಮ್ಮೆ ನಾನೇ ಕಾಲ್ಬೆರಳು ಕೊಟ್ಟು ಎತ್ತಬೇಕು.

ಮೊನ್ನೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಜೀವ ಬಾಯಿಗೆ ಬಂತು. 14 ತಿರುವಿನಲ್ಲೂ ಎರಡನೇ ಗೇರಿಗೆ ಹಾಕಿದ ಕೂಡಲೇ ಎಂಜಿನ್ ಕೂಗುತ್ತದೆ, ಗಾಡಿ ಎಳೆಯಲ್ಲ. ಆಮೇಲೆ ಸರಿಯಾಗುತ್ತದೆ. ಇಲ್ಲಿಯ ಮೆಕ್ಯಾನಿಕ್ ಒಬ್ಬರು ‘ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು’ ಅಂದರು. ಹೊರಗಿನಿಂದ ತರಿಸುವ ಸಾಮಾನು. ಇಳಿಸಿ ಆಮೇಲೆ ಪ್ಲೇಟ್ ಚೆನ್ನಾಗಿದ್ದರೆ ಏನು ಮಾಡಲಿ?

ಕಾಫಿತೋಟ, ಕೊಪ್ಪ

ಪೆಡಲ್ ಒತ್ತಿದಾಗ ಆಯಿಲ್ ತಳ್ಳುತ್ತದಲ್ಲ, ಆ ಮಾಸ್ಟರ್ ಸಿಲಿಂಡರ್ ಮಾರಾಯ್ರೆ, ಅನುಮಾನವೇ ಬೇಡ. ನಮ್ಮ ಜೀಪಿನದ್ದೂ ಹೀಗೇ ಪೆಡಲ್ ಕೆಳಗೇ ಕೂತಿತ್ತು. ರಬ್ಬರ್ ಕಿಟ್ ಹಾಕಿ ಬಿಡಿ. ಅಲ್ಲಿಯವರೆಗೆ ಕ್ಲಚ್ ಆಯಿಲ್ ಡಬ್ಬಿಗೆ ಎರಡು ತೊಟ್ಟು ಎಂಜಿನ್ ಆಯಿಲ್ ಬಿಟ್ಟರೆ ನುಣ್ಣಗೆ ಆಡುತ್ತದೆ.

ಹಳೇ ಸ್ಪ್ಯಾನರ್, ಶಿವಮೊಗ್ಗ

ಮೊದಲು ಒಂದು ಮಾತು. ಎಂಜಿನ್ ಆಯಿಲ್ ಖಂಡಿತ ಬೇಡ, ಒಂದು ತೊಟ್ಟೂ ಬೇಡ. ಕ್ಲಚ್‌ಗೂ ಬ್ರೇಕ್ ಆಯಿಲೇ ಹಾಕುವುದು, ಅದಕ್ಕೆಂದು ಮಾಡಿದ ರಬ್ಬರ್‌ಗೆ ಪೆಟ್ರೋಲಿಯಂ ಆಯಿಲ್ ತಾಗಿದರೆ ಉಬ್ಬಿ ಹಾಳಾಗುತ್ತದೆ. ಆಮೇಲೆ ಮಾಸ್ಟರ್, ಆ ಆಯಿಲ್ ಜೋರಿಗೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್, ನಡುವಿನ ಹೋಸ್ ಎಲ್ಲವನ್ನೂ ಬದಲಿಸಬೇಕು.

ಕಪ್ಪೆಕಾರು ಅವರೇ, ನಿಮಗೆ ಒಂದೇ ಪ್ರಶ್ನೆ. ಗೇರ್ ಬೀಳಲ್ಲವೋ, ಬಿದ್ದ ಮೇಲೆ ಎಳೆಯಲ್ಲವೋ? ಎರಡೂ ಬೇರೆ ಬೇರೆ ಕಾಯಿಲೆ. ಕೊಪ್ಪದವರ ಜೀಪಿನಲ್ಲಿ ಮಾಸ್ಟರ್ ಒಳಗಿನ ಸೀಲ್ ಸವೆದು ಒತ್ತಡ ಹಿಂದಕ್ಕೆ ಸೋರಿರಬೇಕು. ಆಗ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕಟಕಟ ಅನ್ನುತ್ತದೆ, ಎರಡು ಮೂರು ಸಲ ಪಂಪ್ ಮಾಡಿದರೆ ಬೀಳುತ್ತದೆ. ನಿಮ್ಮದು ತಿರುಗುಮುರುಗು. ಕ್ಲಚ್ ಬಿಟ್ಟುಕೊಳ್ಳುತ್ತದೆ, ಆದರೆ ವಾಪಸ್ ಹಿಡಿಯಲು ತಡ. ಅಂದರೆ ಕೆಳಗೆ ಹೋದ ಆಯಿಲ್ ಮೇಲಕ್ಕೆ ಬರುತ್ತಿಲ್ಲ.

ಪ್ಲೇಟ್ ಸವೆದಿದ್ದರೆ ಗೇರ್ ಬದಲಿಸಿದಾಗ ಮಾತ್ರ ಜಾರುವುದಿಲ್ಲ. ನಾಲ್ಕನೇ ಗೇರಲ್ಲಿ ಏರು ಹತ್ತುವಾಗ ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ಜಾರಬೇಕು. ನೋಡಿ ಹೇಳಿ.

ಕಪ್ಪೆಕಾರು, ತೀರ್ಥಹಳ್ಳಿ

ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ. ನಾಲ್ಕನೇ ಗೇರಲ್ಲಿ ಒಂಚೂರೂ ಜಾರಲಿಲ್ಲ. ಕ್ಲಚ್ ಆಯಿಲ್ ಡಬ್ಬಿ ತೆಗೆದು ನೋಡಿದೆ, ಕಪ್ಪು ಕಷಾಯ. ಎಂದು ಬದಲಿಸಿದ್ದೋ ಮಾವನಿಗೂ ನೆನಪಿಲ್ಲ.

ಹಳೇ ಸ್ಪ್ಯಾನರ್, ಶಿವಮೊಗ್ಗ

ಹಾಗಾದರೆ ಗೇರ್‌ಬಾಕ್ಸ್ ಮುಟ್ಟಬೇಡಿ.

ಪೆಡಲ್ ಹತ್ತಿರದಿಂದಲೇ ಶುರು ಮಾಡಿ. ಮಾಸ್ಟರ್ ಸಿಲಿಂಡರ್‌ನ ರಾಡು ಪೆಡಲ್‌ಗೆ ಸೇರುವ ಕಡೆ ಒಂದು ಪಿನ್ ಇದೆ, ಅದನ್ನು ತೆಗೆದು ಪೆಡಲನ್ನು ಕೈಯಲ್ಲೇ ಆಡಿಸಿ. ಅಲ್ಲೇ ಬಿಗಿ ಇದ್ದರೆ ಬುಷ್ ಒಣಗಿದೆ. ಮೇಲೆ ಸ್ಪ್ರಿಂಗ್ ಇದೆ, ಬೆರಳು ಜೋಪಾನ.

ಪೆಡಲ್ ಸಲೀಸಾಗಿದ್ದರೆ ಪಿನ್ ವಾಪಸ್ ಹಾಕಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್‌ನ ರಾಡು ನೋಡುತ್ತಿರಿ. ಮನೆಯವರು ಯಾರಾದರೂ ಪೆಡಲ್ ಒತ್ತಿ ಬಿಡಲಿ. ಕಾಲು ತೆಗೆದ ಮೇಲೂ ರಾಡು ಹೊರಗೇ ನಿಂತರೆ ಸ್ಲೇವ್‌ನ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಆಗ ಆಯಿಲ್ ಚಿಮ್ಮಿ ರಾಡು ಟಪ್ ಅಂತ ಒಳಗೆ ಹೋದರೆ ಸ್ಲೇವ್, ರಾಡು ತಳ್ಳುವ ಕ್ಲಚ್ ಫೋರ್ಕ್ ಎರಡೂ ಸರಿ, ತಡೆ ಮೇಲೆಲ್ಲೋ ಇದೆ. ಹೋಗದಿದ್ದರೆ ಸ್ಲೇವ್ ಒಳಗೆ ತುಕ್ಕು, ಇಲ್ಲವೇ ಫೋರ್ಕ್ ಬಿಗಿ.

ತಡೆ ಮೇಲಿದ್ದರೆ ಇನ್ನೊಂದು ಪರೀಕ್ಷೆ. ನಿಪ್ಪಲ್ ಬಿಗಿ ಮಾಡಿ, ಮತ್ತೆ ಪೆಡಲ್ ಒತ್ತಿಸಿ ಬಿಡಿಸಿ. ಈ ಸಲ ರಬ್ಬರ್ ಹೋಸ್‌ನ ಮೇಲ್ತುದಿಗೆ ಪೈಪ್ ಸೇರುವ ನಟ್ ಸಡಿಲಿಸಿ. ರಾಡು ಒಳಗೆ ಹೋದರೆ ತಪ್ಪು ಮಾಸ್ಟರ್‌ನದ್ದು. ಹೋಗದಿದ್ದರೆ ಹೋಸ್‌ನದ್ದು. ಹಳೇ ಹೋಸ್ ಒಳಗೇ ಉಬ್ಬಿರುತ್ತದೆ, ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ನಾವು ಒತ್ತುವ ಜೋರಿಗೆ ಆಯಿಲ್ ದಾಟಿ ಹೋಗುತ್ತದೆ, ಹಿಂದೆ ಬರುವಾಗ ಅಷ್ಟು ಜೋರಿಲ್ಲ.

ಕಣ್ಣಿಗೆ ಕನ್ನಡಕ ಇರಲಿ. ಈ ಆಯಿಲ್ ಪೇಂಟ್ ತಿನ್ನುತ್ತದೆ, ಬಿದ್ದರೆ ಕೂಡಲೇ ನೀರು ಹಾಕಿ.

ಕಾಫಿತೋಟ, ಕೊಪ್ಪ

ಆಯಿಲ್ ವಿಷಯಕ್ಕೆ ತಪ್ಪಾಯ್ತು. ನಮ್ಮಲ್ಲಿ ಎಲ್ಲರೂ ಹಾಗೇ ಹೇಳ್ತಾರೆ, ನಾನೂ ಹೇಳಿಬಿಟ್ಟೆ.

ಕಪ್ಪೆಕಾರು, ತೀರ್ಥಹಳ್ಳಿ

ಭಾನುವಾರ ಪೂರ್ತಿ ಇದೇ ಕೆಲಸ. ಪೆಡಲ್ ಸಲೀಸು. ತಮ್ಮ ಪೆಡಲ್ ಒತ್ತಿ ಬಿಟ್ಟ, ರಾಡು ಹೊರಗೇ ನಿಂತಿತು. ನಾನು ಇಪ್ಪತ್ತರವರೆಗೆ ಎಣಿಸಿದೆ, ಅಷ್ಟು ಹೊತ್ತಿಗೆ ಅರ್ಧ ಒಳಗೆ ಹೋಗಿತ್ತು. ನಿಪ್ಪಲ್ ತುಕ್ಕು ಹಿಡಿದು ಅಲುಗಾಡಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಊಟ ಮುಗಿಸಿ ಬಂದು ರಿಂಗ್ ಸ್ಪ್ಯಾನರ್ ಹಾಕಿದ ಮೇಲೆ ಬಿಟ್ಟಿತು. ಚಿಮ್ಮಿತು, ರಾಡು ಟಪ್! ಮೇಲಿನ ನಟ್ ಸಡಿಲಿಸಿದಾಗ ಏನೂ ಆಗಲಿಲ್ಲ. ಅಂದರೆ ಹೋಸ್, ಅಲ್ವಾ?

ಇನ್ನೊಂದು, ಸ್ಲೇವ್‌ನ ರಬ್ಬರ್ ಟೊಪ್ಪಿ ಮಡಚಿ ನೋಡಿದರೆ ಒಳಗೆ ಒದ್ದೆ.

ಹಳೇ ಸ್ಪ್ಯಾನರ್, ಶಿವಮೊಗ್ಗ

ಹೋಸೇ. ಒದ್ದೆ ಇದ್ದರೆ ಸ್ಲೇವ್ ಕೂಡ ಜೊತೆಗೇ ಬದಲಿಸಿ. ಈ ಗಾಡಿಯಲ್ಲಿ ಅದು ಹೋಗುವುದು ಮಾಮೂಲು, ಎರಡೇ ಬೋಲ್ಟ್‌ನ ಕೆಲಸ. ಬಿಚ್ಚಿದ ಮೇಲೆ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹಾರಿ ಬರುತ್ತದೆ.

ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಹಾಕಿ. ಸಿಲಿಕೋನ್‌ನ ಡಾಟ್ 5 ಬೇಡ. ಡಾಟ್ 3, ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಅದಕ್ಕಿಂತ ಕೇಡು ಅಂದರೆ ಸಿಲಿಂಡರ್ ಒಳಗೆ ತುಕ್ಕು. ನಿಮ್ಮ ಕಡೆಯ ಮಳೆಗಾಲಕ್ಕೆ ವರ್ಷಕ್ಕೊಮ್ಮೆ ಬದಲಿಸಿದರೂ ಜಾಸ್ತಿ ಅಲ್ಲ. ಕಳೆದ ವರ್ಷ ತೆರೆದು ಇಟ್ಟ ಬಾಟಲಿ ಬಳಸಬೇಡಿ, ಹೊಸದು ತನ್ನಿ.

ಬ್ಲೀಡ್ ಮಾಡುವಾಗ, ಅಂದರೆ ಒಳಗಿನ ಗಾಳಿ ತೆಗೆಯುವಾಗ, ಪೆಡಲ್ ಒತ್ತಿ ಹಿಡಿ, ನಿಪ್ಪಲ್ ಬಿಡು, ಬಿಗಿ ಮಾಡು, ಆಮೇಲೆ ಪೆಡಲ್ ಎತ್ತು. ತಮ್ಮನಿಗೆ ಈ ಕ್ರಮ ಬಾಯಿಪಾಠ ಆಗಲಿ. ಡಬ್ಬಿ ಖಾಲಿಯಾಗಲು ಬಿಡಬೇಡಿ.

ಕಪ್ಪೆಕಾರು, ತೀರ್ಥಹಳ್ಳಿ

ಮೂರು ವಾರ ಆಯ್ತು. ಸ್ಲೇವ್ ಹೊರಗಿನಿಂದ ಬಂತು. ಹೋಸನ್ನು ಶಿವಮೊಗ್ಗದ ಒಂದು ಅಂಗಡಿಯಲ್ಲಿ ಹಳೆಯದರ ಅಳತೆಗೆ, ಎರಡೂ ತುದಿಯ ಥ್ರೆಡ್ ಹೊಂದಿಸಿ ಮಾಡಿಸಿದೆ. ಹಳೆಯದನ್ನು ಬ್ಲೇಡಿನಲ್ಲಿ ಸೀಳಿ ನೋಡಿದರೆ ಒಳಗೆ ಸೂಜಿ ತೂರುವಷ್ಟೇ ಜಾಗ. ಮೆಕ್ಯಾನಿಕ್‌ಗೂ ತೋರಿಸಿದೆ. ಸುಮ್ನೆ ನಕ್ಕು, ತುಂಡನ್ನು ಅಂಗಡಿಯಲ್ಲೇ ಇಟ್ಟುಕೊಂಡರು.

ನಿನ್ನೆ ಮತ್ತೆ ಘಾಟಿ ಹತ್ತಿದೆ. ಪೆಡಲ್ ಕಾಲಿನ ಹಿಂದೆಯೇ ಬರುತ್ತದೆ. ಈಗ ಎಡಗಡೆಯ ಕಪ್ಪೆಕಣ್ಣು ಅರ್ಧಕ್ಕೇ ನಿಲ್ಲುತ್ತಿದೆ, ಅದಕ್ಕೆ ಬೇರೆ ಪ್ರಶ್ನೆ ಹಾಕ್ತೀನಿ.