ಚಿಕ್ಕಮಗಳೂರಲ್ಲಿ ಎರಡು ದಿನ: ಊಟ-ತಿಂಡಿ ಎಲ್ಲಿ?

ಪ್ರಶ್ನೆ: ಶನಿವಾರ-ಭಾನುವಾರ ಆರು ಜನ ಬರ್ತಿದ್ದೀವಿ. ಇಬ್ಬರು ಹಿರಿಯರು, ಶುದ್ಧ ಸಸ್ಯಾಹಾರಿಗಳು. ಮುಳ್ಳಯ್ಯನಗಿರಿ, ಬೇಲೂರು ನೋಡೋದಿದೆ. ಮಲೆನಾಡಿನ ಅಡುಗೆ ಎಲ್ಲಿ ಸಿಗುತ್ತೆ?

ಪೇಟೆಯವರು: ಮಸಾಲೆ ದೋಸೆಗೆ ಟೌನ್ ಕ್ಯಾಂಟೀನ್. ಶನಿವಾರ-ಭಾನುವಾರ ಜನ ಜಾಸ್ತಿ, ಸಮಯ ಮತ್ತು ರಜೆ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಗಿರಿಗೆ ಹೋಗುವ ದಿನ ಮಾತ್ರ ಪೂರಿ, ವಡೆ ಬೇಡ. ಎಣ್ಣೆ ತಿಂಡಿ ತುಂಬಿಕೊಂಡು ಆ ತಿರುವುಗಳಲ್ಲಿ ಕೂತರೆ ವಾಂತಿ ಖಂಡಿತ. ಇಡ್ಲಿ ಒಳ್ಳೇದು. ಮೇಲೆ ಸಿಗೋದು ಮ್ಯಾಗಿ, ಜೋಳ, ಚುರುಮುರಿ ಅಷ್ಟೇ, ಹಿರಿಯರಿಗೆ ಅದು ಊಟ ಆಗಲ್ಲ. ಚಿತ್ರಾನ್ನವೋ ಪುಳಿಯೋಗರೆಯೋ ಕಟ್ಟಿಸಿಕೊಳ್ಳಿ. ಜೊತೆಗೆ ಚಟ್ನಿಪುಡಿ ಇರಲಿ, ಹಸಿ ಕಾಯಿಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತೆ. ನೀರು ಸ್ಟೀಲ್ ಬಾಟಲಿಯಲ್ಲಿ.

ಮೂಡಿಗೆರೆ ಕಡೆಯವರು: ಮಲೆನಾಡಿನ ಅಡುಗೆ ಬೇಕಿದ್ದರೆ ಉದ್ದ ಮೆನು ಇರೋ ಹೋಟೆಲ್ ಬಿಟ್ಟು ಹೋಂಸ್ಟೇ ಊಟ ಮಾಡಿ. ಉಳಿಯೋದು ಬೇರೆ ಕಡೆಯಾದರೂ ಕೆಲವರು ಊಟ ಮಾತ್ರ ಕೊಡ್ತಾರೆ, ಆದರೆ ಹಿಂದಿನ ದಿನ ಸಂಜೆಯೊಳಗೆ ಎಷ್ಟು ಜನ ಅಂತ ಹೇಳಬೇಕು. ಕಡುಬಿಗೆ ಅಕ್ಕಿತರಿ, ಕೋಳಿಸಾರಿಗೆ ಮಸಾಲೆ ಎಲ್ಲ ಮೊದಲೇ ತಯಾರಾಗಬೇಕಲ್ಲ. ಸಸ್ಯಾಹಾರಕ್ಕೆ ಪಾತ್ರೆ ಬೇರೆ ಇಡ್ತಾರಾ ಅಂತ ಬಾಯಿಬಿಟ್ಟು ಕೇಳಿ, 'ವೆಜ್ ಇದೆಯಾ' ಅಂತ ಕೇಳಿದರೆ ಅದಕ್ಕೆ ಉತ್ತರ ಸಿಗಲ್ಲ.

ಅಕ್ಕಿ ರೊಟ್ಟಿ ಹೇಳುವಾಗ 'ಉಕ್ಕರಿಸಿದ ರೊಟ್ಟಿ' ಅನ್ನಿ. ಇಲ್ಲಾಂದ್ರೆ ಈರುಳ್ಳಿ ಹಾಕಿ ತಟ್ಟಿದ್ದು ಬರಬಹುದು. ಇದು ಕುದಿನೀರಲ್ಲಿ ಹಿಟ್ಟು ಬೇಯಿಸಿ, ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿ ಮೇಲೆ ಹಾಕಿ ಕೆಂಡದಲ್ಲಿ ಉಬ್ಬಿಸೋದು. ಉಬ್ಬಿದ ಹಾಗೇ ತಟ್ಟೆಗೆ ಬರಬೇಕು. ಆರಿದರೆ ಚರ್ಮದ ಹಾಗೆ ಎಳೆಯುತ್ತೆ. ಅದಕ್ಕೇ ಆರು ಜನರದ್ದು ಒಟ್ಟಿಗೆ ಹಾಕಿಸಬೇಡಿ, ಎರಡೆರಡೇ ಬರಲಿ. ಹಿರಿಯರಿಗೆ ಎಣ್ಣೆಗಾಯಿ, ಉಳಿದವರಿಗೆ ಕೋಳಿಸಾರು.

ಮಳೆಗಾಲದಲ್ಲಿ ಬರೋದಾದರೆ ಕಳಲೆ (ಎಳೆ ಬಿದಿರಿನ ಮೊಳಕೆ), ಕೆಸುವಿನ ಎಲೆಯ ಪತ್ರೊಡೆ ಕೇಳಿ. ಕಳಲೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು-ಮೂರು ದಿನ ನೆನೆಸಿರಬೇಕು, ಇಲ್ಲದಿದ್ದರೆ ಕಹಿ ಮತ್ತು ವಿಷದ ಅಂಶ ಉಳಿಯುತ್ತೆ. ಪತ್ರೊಡೆಗೆ ಹುಳಿ ಕಡಿಮೆಯಾಗಿ, ಬೇಯೋದೂ ಸಾಲದಿದ್ದರೆ ಗಂಟಲು ತುರಿಸುತ್ತೆ. ಬೇಸಿಗೆಯಲ್ಲಿ ಕೊಡೋ ಕಳಲೆ ಉಪ್ಪಿನಲ್ಲಿಟ್ಟದ್ದು, ರುಚಿ ಬೇರೆ.

ಬೇಲೂರಿನವರು: ಚಿಕ್ಕಮಗಳೂರಿಂದ ಸುಮಾರು 25 ಕಿ.ಮೀ. ಮೊದಲು ದೇವಸ್ಥಾನ, ಆಮೇಲೆ ಊಟ. ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಬರಿಗಾಲಿಗೆ ಸುಡುತ್ತೆ, ಹಿರಿಯರಿಗೆ ಕಷ್ಟ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆ.ಎಸ್.ಟಿ.ಡಿ.ಸಿ.) ಹೋಟೆಲ್ ಮಯೂರ ವೇಲಾಪುರಿ ಹತ್ತಿರವೇ ಇದೆ. ಪ್ರವಾಸಿ ಬಸ್ಸುಗಳು ಒಂದು ಗಂಟೆ ಹೊತ್ತಿಗೆ ತುಂಬ್ಕೋತವೆ, ಹನ್ನೆರಡೂವರೆಗೇ ಕೂತುಬಿಡಿ. ಊಟ ಆದಮೇಲೆ ಹಳೇಬೀಡು, ಅಲ್ಲಿಂದ ಸುಮಾರು 16 ಕಿ.ಮೀ.

ಪೇಟೆಯವರು: ಕಾಫಿಪುಡಿ ಬಿಟ್ಟುಹೋಯ್ತು. ಚಿಕೋರಿ ಎಷ್ಟು ಅಂತ ನೀವೇ ಹೇಳಿ: 80:20 ಅಂದ್ರೆ ನೂರಕ್ಕೆ ಇಪ್ಪತ್ತು ಚಿಕೋರಿ. ಅದಿಲ್ಲದ್ದು ಬೇಕಾದರೆ 'ಪ್ಯೂರ್' ಅನ್ನಿ, ಡಿಕಾಕ್ಷನ್ ತೆಳ್ಳಗಿರುತ್ತೆ, ಪುಡಿ ಒಂದು ಚಮಚ ಹೆಚ್ಚು ಹಾಕಬೇಕು. ಎದುರಿಗೇ ಬೀಸಿಸಿ, ಕಾಲು ಕೆ.ಜಿ.ಗಿಂತ ಹೆಚ್ಚು ಬೇಡ. ಬಿಸಿ ಪುಡಿ ತಕ್ಷಣ ಡಬ್ಬಿಗೆ ತುಂಬಬೇಡಿ, ಆರಿದ ಮೇಲೆ ಬಿಗಿಯಾಗಿ ಮುಚ್ಚಿಡಿ.