ಅಪ್‌ಡೇಟ್: ರ‍್ಯಾಟಲ್‌ಸ್ನೇಕ್ ಕಚ್ಚಿದ್ದ ನಮ್ಮ ಕರಿಯ ಮನೆಗೆ ಬಂದ

ಮೊನ್ನೆ ಕೇಳಿದ್ದೆ: ಅಮೆರಿಕದ ಅರಿಜೋನಾದ ಟೂಸಾನ್ ಹತ್ತಿರ ವಾಕಿಂಗ್‌ನಲ್ಲಿ ನಮ್ಮ ನಾಯಿ ಕರಿಯನ ಮೂತಿಗೆ ಬಾಲದಲ್ಲಿ ಗಿಲಕಿ ಸದ್ದು ಮಾಡುವ ವಿಷದ ಹಾವು ರ‍್ಯಾಟಲ್‌ಸ್ನೇಕ್ ಕಚ್ಚಿದೆ, ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ತುಂಬಾ ದುಬಾರಿ, ಕೊಡಿಸಲೇಬೇಕಾ ಅಂತ. ಕೊಡಿಸಿದೆವು. ಕರಿಯ ಉಳಿದ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಹಲ್ಲು ನಾಟಿದ ಜಾಗದಿಂದ ರಕ್ತ ನಿಲ್ಲದೆ ಜಿನುಗುತ್ತಿತ್ತು. ಈ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ಕಣಗಳಿಗೆ ಮುಳ್ಳು ಮೂಡಿದಂತೆ ಕಂಡಿತು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿದಿದ್ದವು. ಆಂಟಿವೆನಮ್‌ನ ಮೊದಲ ವಯಲ್ (ಸಣ್ಣ ಬಾಟಲಿ) ಡ್ರಿಪ್‌ನಲ್ಲಿ ನಿಧಾನವಾಗಿ ಕೊಟ್ಟರು. ಅಲರ್ಜಿ ಆಗಬಹುದೆಂದು ಪಕ್ಕದಲ್ಲೇ ನಿಂತು ನೋಡಿಕೊಂಡರು. ಊತ ಹರಡುತ್ತಲೇ ಇತ್ತು, ಎರಡನೆಯದೂ ಬೇಕಾಯಿತು.

ಒಂದು ಮಾತು ನನಗೆ ಮೊದಲೇ ಗೊತ್ತಿರಬೇಕಿತ್ತು. ಆಂಟಿವೆನಮ್ ರಕ್ತದಲ್ಲಿ ಓಡಾಡುವ ವಿಷವನ್ನು ಕಟ್ಟಿಹಾಕುತ್ತದೆ, ಆಗಲೇ ಸತ್ತ ಚರ್ಮ, ಮಾಂಸವನ್ನು ಮತ್ತೆ ತರುವುದಿಲ್ಲ. ಅದಕ್ಕೇ ತಡ ಮಾಡಬಾರದು. ಕರಿಯನ ತುಟಿಯ ಹತ್ತಿರ ಸ್ವಲ್ಪ ಚರ್ಮ ಕಪ್ಪಾಗಿ ಉದುರಿದೆ. ದಿನಾ ತೊಳೆಯುತ್ತಿದ್ದೇವೆ, ಪಾಪ, ಸುಮ್ನೆ ಕೂತಿರುತ್ತಾನೆ.

ಐಸ್ ಇಡಿ, ಗಾಯ ಕೊಯ್ದು ರಕ್ತ ತೆಗೀರಿ ಅಂದವರ ಮಾತು ಕೇಳದೆ ಸೀದಾ ಕಾರು ಹತ್ತಿದ್ದು ಒಳ್ಳೆಯದಾಯಿತು. ಊರಿಂದ ಔಷಧಿ ತರಿಸಬಹುದಲ್ವಾ ಎಂದವರಿಗೆ: ಭಾರತದ ಆಂಟಿವೆನಮ್ ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ಹಾವುಗಳಿಗೆ. ಇದಕ್ಕಲ್ಲ.

ಇವತ್ತು ಬೆಳಿಗ್ಗೆ ಮೊಸರನ್ನ ತಿಂದ.